ಸೊಪ್ಪು ತೊಳೆಯುವ ನೀರನ್ನು ಯಾರು ಪರೀಕ್ಷಿಸುತ್ತಾರೆ?

ಮಾನ್ಯರೇ,

ಹಸಿ ತರಕಾರಿಯಲ್ಲಿ ಆ್ಯಂಟಿಬಯೊಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇದೆಯೆಂಬ ಸುದ್ದಿ ಬಂದಾಗಲೆಲ್ಲ ‘ಉಪ್ಪು, ಅರಿಶಿನದ ನೀರಿನಲ್ಲಿ ನೆನೆಸಿಡಿ’ ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಉಪ್ಪುನೀರಿಗೆ ಹೂಕೋಸಿನ ಹುಳು ಬಿಡುತ್ತದೆ, ಮಲದಿಂದ ಹರಡುವ ಇ. ಕೋಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾ ಬೆಂಕಿಗೆ ಬಗ್ಗುತ್ತದೆ. ಔಷಧವನ್ನು ಒಡೆಯುವ ಕಿಣ್ವ ಇದ್ದಮಾತ್ರಕ್ಕೆ ಶಾಖ ತಡೆಯುವ ಶಕ್ತಿ ಬರುವುದಿಲ್ಲ. ಹಾಗಾಗಿ ಚೆನ್ನಾಗಿ ಕುದಿದ ಹುಳಿ, ಬಸ್ಸಾರಿಗೆ ಹೆದರಬೇಕಿಲ್ಲ. ಅಪಾಯ ಇರುವುದು ಒಲೆ ಆರಿಸಿದ ಮೇಲೆ ಉದುರಿಸುವ ಕೊತ್ತಂಬರಿ, ಕೋಸಂಬರಿಯ ಸೌತೆಕಾಯಿ, ಪಾನಿಪುರಿಯ ಪುದೀನ ನೀರು ಮತ್ತು ಹಸಿ ಮೊಳಕೆಕಾಳಿನಲ್ಲಿ. 2011ರಲ್ಲಿ ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಜನರನ್ನು ಮಲಗಿಸಿ, 50ಕ್ಕೂ ಹೆಚ್ಚು ಜನರನ್ನು ಕೊಂದ ಇ. ಕೋಲಿ ಬಂದದ್ದು ನಮಗೆ ಚಿರಪರಿಚಿತವಾದ ಮೆಂತ್ಯದ ಮೊಳಕೆಯಿಂದ. ಆ್ಯಂಟಿಬಯೊಟಿಕ್‌ಗಳಾದ ಅನೇಕ ಪೆನಿಸಿಲಿನ್, ಸೆಫಲೊಸ್ಪೊರಿನ್‌ಗಳಿಗೆ ಅದು ಜಗ್ಗುತ್ತಿರಲಿಲ್ಲ. ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟ ಕಾಳಿನ ಬೆಚ್ಚಗಿನ ತೇವ ಮೊಳಕೆಗೆಷ್ಟು ಹಿತವೋ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಹಿತ. ಮೊಳಕೆಯನ್ನು ಬೇಯಿಸಿ ಉಸಲಿ ಮಾಡುವುದೇ ಲೇಸು.

ಹಸಿಯಾಗಿಯೇ ತಿನ್ನುವ ಸೊಪ್ಪಿನ ಬೇರು, ಕೊಳೆತ ಎಲೆ ತೆಗೆದು, ಕಟ್ಟು ಬಿಚ್ಚಿ, ತಳದಲ್ಲಿ ಮಣ್ಣು ಕಾಣದಾಗುವವರೆಗೆ ನೀರು ಬದಲಿಸಿ ತೊಳೆಯಬೇಕು. ಆಮೇಲೆ ಲೀಟರ್ ನೀರಿಗೆ ಆಹಾರ ದರ್ಜೆಯ, ಸುವಾಸನೆ ಬೆರೆಸದ ಶೇ 5ರ ಸೋಡಿಯಂ ಹೈಪೊಕ್ಲೋರೈಟ್ (ಕ್ಲೋರಿನ್ ದ್ರಾವಣ) 1 ಮಿ.ಲೀ. ಬೆರೆಸಿದರೆ ಸುಮಾರು 50 ಪಿಪಿಎಂ (ಲೀಟರಿಗೆ 50 ಮಿ.ಗ್ರಾಂ) ಕ್ಲೋರಿನ್ ಆಗುತ್ತದೆ. ಅದರಲ್ಲಿ 5 ನಿಮಿಷ ಮುಳುಗಿಸಿಟ್ಟು, ಕುಡಿಯುವ ನೀರಿನಲ್ಲಿ ಜಾಲಿಸಿ, ನೀರು ಸೋರಿದ ಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಕತ್ತರಿಸಿದ ಅಂಚಿನಿಂದ ಬ್ಯಾಕ್ಟೀರಿಯಾ ಒಳಸೇರುತ್ತದೆ. ಮಣ್ಣಿದ್ದರೆ ಕ್ಲೋರಿನ್ ಮಣ್ಣಿಗೇ ಖರ್ಚಾಗಿಹೋಗುತ್ತದೆ. ಈ ಕ್ಲೋರಿನ್ ನೀರಿಗೆ ವಿನಿಗರ್ ಬೆರೆಸಬಾರದು; ವಿಷಾನಿಲ ಏಳುತ್ತದೆ. ಇಷ್ಟು ಮಾಡಿದರೂ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹತ್ತರಿಂದ ನೂರು ಪಟ್ಟು ಇಳಿಯುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಕಿಮೊಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಇರುವ ಮನೆಯಲ್ಲಿ ಕೊತ್ತಂಬರಿಯನ್ನು ಸಾರು ಕುದಿಯುವಾಗಲೇ ಹಾಕುವುದು ಒಳ್ಳೆಯದು, ಘಮ ತುಸು ಕಡಿಮೆಯಾದರೂ.

ಆದರೆ ಮನೆಯ ಸಿಂಕಿನಲ್ಲಿ ಇದನ್ನೆಲ್ಲ ಸರಿಪಡಿಸಿ ಎನ್ನುವುದು ಅನ್ಯಾಯ. ಮನುಷ್ಯರ, ಆಸ್ಪತ್ರೆಗಳ ಕೊಳಚೆ ಸೇರಿದ ನೀರು ಹೊಲಕ್ಕೆ ಹರಿಯುತ್ತದೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿಯ ನೀರು ಸೇರುವ ಬೈರಮಂಗಲ ಕೆರೆಯ ಅಚ್ಚುಕಟ್ಟಿನ ರೈತರಿಗೆ ಬೇರೆ ನೀರು ಎಲ್ಲಿದೆ? ಹಸಿ ತಿನ್ನುವ ಬೆಳೆಗೆ ಹಾಯಿಸುವ ನೀರಿನಲ್ಲಿ 100 ಮಿ.ಲೀ.ಗೆ 1,000ಕ್ಕಿಂತ ಹೆಚ್ಚು ಮಲಮೂಲದ ಕೋಲಿಫಾರ್ಮ್ (ಇ. ಕೋಲಿ ಸೇರಿದ ಬ್ಯಾಕ್ಟೀರಿಯಾ ಗುಂಪು) ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. ಎಲೆಗೆ ತಾಗದಂತೆ ಹನಿ ನೀರಾವರಿ ಮಾಡಿದರೆ, ಕೊಯ್ಲಿಗೆ ಕೆಲವು ದಿನ ಮೊದಲೇ ಕೊಳಚೆ ನೀರು ನಿಲ್ಲಿಸಿದರೆ ಸೋಂಕು ಬಹಳಷ್ಟು ತಗ್ಗುತ್ತದೆ. ಹಸಿ ಕೋಳಿಗೊಬ್ಬರವನ್ನು ಚೆನ್ನಾಗಿ ಕೊಳೆಸದೆ ಸೊಪ್ಪಿನ ಮಡಿಗೆ ಹಾಕುವುದೂ ನಿಲ್ಲಬೇಕು.

ಕೊಯ್ದ ಸೊಪ್ಪನ್ನು ಬೆಳಗಿನ ಜಾವ ಕಾಲುವೆಯಲ್ಲಿ ಅದ್ದಿ ಕಟ್ಟುತ್ತಾರೆ. ಮಾರುಕಟ್ಟೆಯಲ್ಲಿ ಅದು ಬಾಡದಿರಲೆಂದು ದಿನವಿಡೀ ಒಂದೇ ಬಕೆಟ್ಟಿನ ನೀರು ಚಿಮುಕಿಸುತ್ತಾರೆ. ಒಂದು ಕಟ್ಟಿನ ಕೊಳೆ ನೂರು ಕಟ್ಟಿಗೆ ಹರಡಲು ಅಷ್ಟು ಸಾಕು. ಈ ನೀರು ಕುಡಿಯುವ ನೀರಿನ ಮಟ್ಟದ್ದೇ ಆಗಿರಬೇಕು, ಅಂದರೆ 100 ಮಿ.ಲೀ.ನಲ್ಲಿ ಒಂದೂ ಇ. ಕೋಲಿ ಇರಕೂಡದು. ಎಪಿಎಂಸಿ ಪ್ರಾಂಗಣಗಳಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರು, ತೊಳೆಯುವ ಕಟ್ಟೆ ಕೊಡಲಿ. ತರಕಾರಿ ಮಾದರಿಯಲ್ಲಿ ಕೀಟನಾಶಕದ ಶೇಷ ಹುಡುಕುವ ಅಧಿಕಾರಿಗಳು ಇನ್ನು ಮುಂದೆ ಪಕ್ಕದ ಬಕೆಟ್ಟಿನಿಂದಲೂ ಒಂದು ಬಾಟಲಿ ನೀರು ತುಂಬಿಸಿಕೊಂಡು ಹೋಗಲಿ.

– ಆಹಾರ ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕರು, ಬೆಂಗಳೂರು