ಅಪ್ಪನ ಮಾತ್ರೆ ವಿಷಯ

ಸ್ಟಾಕ್‌ಹೋಮ್

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ನಿನ್ನ ಪತ್ರ ಬಂತು. ಸುಮಳ ಗಂಡಿನ ವಿಷಯ ಆಮೇಲೆ, ಮೊದಲು ಅಪ್ಪನದು.

ಬಿಪಿ ನಾರ್ಮಲ್ ಬಂತೆಂದು, ಅದರಿಂದ ಕಿಡ್ನಿ ಹೋಗುತ್ತದೆಂಬ ಚಿಕ್ಕಪ್ಪನ ಮಾತು ಕೇಳಿ, ಅಪ್ಪ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಬಿಟ್ಟರಂತಲ್ಲ, ನಾರ್ಮಲ್ ಬಂದದ್ದೇ ಆ ಮಾತ್ರೆಯಿಂದ! ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ (ರೆಟಿನಾಗೆ) ತಗುಲಿದ ಮೇಲಂತೂ ತಾವಾಗಿಯೇ ಬಿಡುವ ಮಾತೇ ಇಲ್ಲ.

ಬಿಪಿ ಏರುವುದು ಹೇಗೆಂದರೆ, ಕಿಡ್ನಿಯಿಂದ ರೆನಿನ್ ಎಂಬ ಕಿಣ್ವ ಬರುತ್ತದೆ. ಅದು ಲಿವರ್‌ನ ಒಂದು ಪ್ರೋಟೀನನ್ನು ಕತ್ತರಿಸಿ ಆಂಜಿಯೋಟೆನ್ಸಿನ್-1 ಮಾಡುತ್ತದೆ, ಎಸಿಇ ಎಂಬ ಕಿಣ್ವ ಅದನ್ನು ಆಂಜಿಯೋಟೆನ್ಸಿನ್-2 ಮಾಡುತ್ತದೆ. ಈ ಎರಡನೆಯದೇ ರಕ್ತನಾಳ ಬಿಗಿ ಹಿಡಿದು, ಮೈಯಲ್ಲಿ ಉಪ್ಪು ನಿಲ್ಲಿಸಿ ಬಿಪಿ ಏರಿಸುವುದು. ರೆನಿನ್ ಪತ್ತೆಯಾದದ್ದು ಇದೇ ಊರಲ್ಲಿ, 1898ರಲ್ಲಿ, ಕರೋಲಿನ್‌ಸ್ಕಾ ಎಂಬ ವೈದ್ಯಕೀಯ ಸಂಸ್ಥೆಯಲ್ಲಿ, ಮೊಲದ ಕಿಡ್ನಿಯ ಸಾರದಿಂದ. ಚಿಕ್ಕಪ್ಪನಿಗೆ ಇದನ್ನೂ ಹೇಳು, ಇಲ್ಲಿ ಬರೀ ಹಿಮ ಬೀಳುವುದಲ್ಲ.

ಕಣ್ಣಿನ ಪರದೆಯೊಳಗೂ ಇದೇ ಏರ್ಪಾಡು ಬೇರೆಯಾಗಿ ಇದೆ. ಸಕ್ಕರೆ ಏರಿದ ಕಣ್ಣಲ್ಲಿ ಅದು ಕೆರಳಿ ಸಣ್ಣ ನಾಳಗಳ ಗೋಡೆ ಸಡಿಲಿಸುತ್ತದೆ, ನೀರು ಸೋರಿ ಪರದೆ ಊದಿಕೊಳ್ಳುತ್ತದೆ. ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಹೆಚ್ಚಿ ಹುಟ್ಟುವ ಹೊಸ ನಾಳಗಳಿಗೆ ಬಲವಿರುವುದಿಲ್ಲ, ಒಡೆದು ರಕ್ತ ಸುರಿಸುತ್ತವೆ. ಟೆಲ್ಮಿಸಾರ್ಟನ್ ಆಂಜಿಯೋಟೆನ್ಸಿನ್-2 ಕೂರುವ ಜಾಗವನ್ನೇ ಹಿಡಿದುಬಿಡುತ್ತದೆ. ಇದರ ಜಾತಿಯದೇ ಆದ ಕ್ಯಾಂಡೆಸಾರ್ಟನ್ ಕೊಟ್ಟು ಅಪ್ಪನಂಥ ಟೈಪ್ 2 ರೋಗಿಗಳನ್ನು ನೋಡಿದಾಗ (ವರದಿ ಬಂದದ್ದು 2008ರಲ್ಲಿ) ಕಣ್ಣು ಸುಧಾರಿಸಿದವರು ಹೆಚ್ಚಿದರು, ಆದರೆ ರೋಗ ಮುಂದುವರಿಯುವುದು ಖಚಿತವಾಗಿ ನಿಂತಿತೆನ್ನುವಂತಿರಲಿಲ್ಲ. ಹಾಗಾಗಿ ಇದು ಸಕ್ಕರೆ ಹತೋಟಿಗೆ, ಕಣ್ಣಿನ ಇಂಜೆಕ್ಷನ್‌ಗೆ, ಲೇಸರ್‌ಗೆ ಬದಲಿಯಲ್ಲ.

ಚಿಕ್ಕಪ್ಪ "ಕಿಡ್ನಿ ಹೋಗುತ್ತದೆ" ಅನ್ನುವುದು ತಲೆಕೆಳಗಾದ ಮಾತು. ಮೂತ್ರದಲ್ಲಿ ಪ್ರೋಟೀನ್ ಹೋಗುವ ಸಕ್ಕರೆ ರೋಗಿಗಳ ಕಿಡ್ನಿ ಉಳಿಸಲೆಂದೇ ಇದನ್ನು ಕೊಡುತ್ತಾರೆ. ಶುರುವಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ರಕ್ತದ ಕಸ) ಸ್ವಲ್ಪ ಏರಬಹುದು, ಶೇಕಡಾ 30ರೊಳಗಿದ್ದರೆ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಡಾಕ್ಟರನ್ನು ಕಂಡು ಮತ್ತೆ ಶುರು ಮಾಡಲಿ, ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ಪರೀಕ್ಷೆ ಮಾಡಿಸಿ. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯ ಡೈಕ್ಲೋಫೆನಾಕ್ ನುಂಗುವುದು ಬೇಡ, ಕಿಡ್ನಿಗೆ ನಿಜವಾದ ಪೆಟ್ಟು ಅಲ್ಲಿಂದಲೇ. ಈ ಮಾತ್ರೆ ರಕ್ತದ ಪೊಟ್ಯಾಸಿಯಂ ಏರಿಸಬಲ್ಲದು; ಸೋಡಿಯಂ ಕಮ್ಮಿ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ತರಬೇಡ. ಎಳನೀರನ್ನೂ ಡಾಕ್ಟರನ್ನು ಕೇಳಿಯೇ ಕೊಡು. ವಾಂತಿ ಭೇದಿ ಹತ್ತಿದರೆ ಆ ದಿನ ಮಾತ್ರೆ ತಡೆಯಬೇಕೇ ಎಂದು ಫೋನಿನಲ್ಲಿ ವಿಚಾರಿಸು.

ಬಿಪಿಯನ್ನು ಮನೆಯಲ್ಲೇ ನೋಡಿ. ಕುರ್ಚಿಗೆ ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂರಲಿ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ, ಪಟ್ಟಿ ಬರಿ ತೋಳಿಗೆ ಸುತ್ತು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆದಿಡು. ಅರ್ಧ ಗಂಟೆ ಮುಂಚೆ ಕಾಫಿ ಇಲ್ಲ. ಕಾಫಿಯಲ್ಲಿ ಇಲ್ಲಿಯವರು ನಮ್ಮನ್ನೂ ಮೀರಿಸಿದವರು, ಆದರೂ ಪಾಲಿಸುತ್ತಾರೆ.

ಹೆದರಬೇಡಮ್ಮ, ಬೇಗ ಗೊತ್ತಾದದ್ದೇ ಒಳ್ಳೆಯದಾಯಿತು. ದುಡ್ಡು ಕಳಿಸಿದ್ದೇನೆ. ಹೊತ್ತಾಯಿತು, ಇಲ್ಲಿಗೆ ಮುಗಿಸುತ್ತೇನೆ.

ನಿನ್ನ ಮಗಳು

ಮರೆತೆ: ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿದ ದಿನ ಅಪ್ಪ ಸ್ಕೂಟರ್ ಮುಟ್ಟಕೂಡದು. ಚಿಕ್ಕಪ್ಪನೇ ಕರೆದುಕೊಂಡು ಹೋಗಿ ಬರಲಿ.