ಶಿವಮೊಗ್ಗದವರಿಗೆ ಹೇಳಿ, ಅದು ಕೇಸ್ ಅಲ್ಲ

ಚಿಯಾಂಗ್ ಮಾಯ್
ಥಾಯ್ಲೆಂಡ್
13 ಜುಲೈ 2025, ಭಾನುವಾರ

ಅಮ್ಮ, ಅಪ್ಪ, ಅಜ್ಜಿ ಎಲ್ಲರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಪ್ಪನ ಮಂಡಿ ನೋವು ಹೇಗಿದೆ? ಮಳೆ ಜೋರಂತೆ, ಹಿತ್ತಿಲ ಗೋಡೆ ಕಡೆ ಒಂದು ಕಣ್ಣಿಟ್ಟಿರಿ. ಇಲ್ಲೂ ಮಳೆಯೇ. ಈಗ ವಿಷಯಕ್ಕೆ ಬರುತ್ತೇನೆ.

ಅಮ್ಮ, ನಿನ್ನ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದೆ. ನನ್ನನ್ನು ಪೊಲೀಸರು ಹಿಡಿದುಕೊಂಡು ಹೋದರಂತೆ. ಇಪ್ಪತ್ತೈದು ಸಾವಿರ ಕಟ್ಟಿದ ಮೇಲೆ ಬಿಟ್ಟರಂತೆ. ಪಾಸ್‌ಪೋರ್ಟ್ ಅವರ ಹತ್ತಿರವೇ ಇದೆಯಂತೆ. ನನ್ನ ಮದುವೆಗೆ ಮಾತಾಡುತ್ತಿರುವ ಶಿವಮೊಗ್ಗದವರು ಸುಬ್ಬಣ್ಣ ಮಾವನಿಗೆ ಫೋನ್ ಮಾಡಿ, "ಹುಡುಗಿ ಮೇಲೆ ಏನೋ ಕೇಸಿದೆಯಂತಲ್ಲ, ನಮಗೆ ಮೊದಲೇ ಹೇಳಬಾರದಿತ್ತಾ" ಅಂದರಂತೆ. ಪಾಪ, ಮಾವ ಏನು ಹೇಳಿಯಾರು?

ಫೋನಿನಲ್ಲಿ ಹೇಳಿದರೆ ನೀನು ನಡುವೆ ಅಳುತ್ತೀಯ. ಅಪ್ಪ ಫೋನ್ ಕಿತ್ತುಕೊಂಡು ಅಲ್ಲಿ ಅಕ್ಕಿ ರೇಟು ಎಷ್ಟು ಅಂತ ಕೇಳುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ವಿನಯ್ ಪ್ರಿಂಟ್ ತೆಗೆದು ಕೊಡುತ್ತಾನೆ. ಬೇಕಾದರೆ ಮಾವನ ಕೈಲಿ ಶಿವಮೊಗ್ಗದವರಿಗೂ ತೋರಿಸಿ. ಕೊನೆಯ ಹಾಳೆ ಮಾತ್ರ ಕೊಡಬೇಡಿ.

ಆಗಿದ್ದಿಷ್ಟು. ಗಿರಿಜತ್ತೆ ಮಗ ರಘು ಬಂದಿದ್ದಾನಲ್ಲ, ಅವನೂ ಅವನ ಫ್ರೆಂಡೂ ಒಂದು ಸ್ಕೂಟರ್ ಬಾಡಿಗೆಗೆ ತಗೊಂಡರು. ಇಲ್ಲಿ ಗಲ್ಲಿಗೊಂದು ಬಾಡಿಗೆ ಅಂಗಡಿ. ಲೈಸೆನ್ಸ್ ಇದೆಯಾ ಅಂತ ಅಂಗಡಿಯವರು ಕೇಳುವುದೇ ಕಮ್ಮಿ, ದುಡ್ಡು ಕೊಟ್ಟರೆ ಕೀ ಕೊಡುತ್ತಾರೆ. ಕೇಳುವುದು ಪೊಲೀಸರು. ಬುಧವಾರ ಮಧ್ಯಾಹ್ನ ನನಗೆ ಕ್ಲಾಸಿರಲಿಲ್ಲ. ಊರು ತೋರಿಸೋಣ ಅಂತ ನಾನು ನನ್ನ ಸ್ಕೂಟರಿನಲ್ಲಿ ಮುಂದೆ, ಅವರಿಬ್ಬರು ಹಿಂದೆ. ಹಳೇ ಊರಿನ ಸುತ್ತ ಚೌಕಾಕಾರದ ಕಂದಕ ಇದೆ, ನೀರು ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ. ಆ ಕಂದಕದ ರಸ್ತೆಯಲ್ಲಿ ಪೊಲೀಸರು ಆಗಾಗ ನಿಲ್ಲುತ್ತಾರೆ. ಪ್ರವಾಸಿಗಳೆಲ್ಲ ಅಲ್ಲೇ ಸುತ್ತುತ್ತಿರುತ್ತಾರಲ್ಲ, ಬೇರೆಲ್ಲಿ ನಿಲ್ಲಬೇಕು?

ಮೊದಲು ನನ್ನನ್ನೇ ನಿಲ್ಲಿಸಿದರು. ಲೈಸೆನ್ಸ್ ತೋರಿಸಿದೆ. ಏನು ಕೆಲಸ ಅಂದರು, ಸ್ಕೂಲ್ ಟೀಚರ್ ಅಂದೆ. ಆ ಪೊಲೀಸಪ್ಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೋಗಿ ಅಂದ. ಅಪ್ಪ, ಇದನ್ನು ಬೇಕಂತಲೇ ಬರೆಯುತ್ತಿದ್ದೇನೆ. ನಮ್ಮೂರಲ್ಲಿ ಗಣಿತದ ಮೇಷ್ಟ್ರಿಗೆ ಯಾವ ಪೊಲೀಸ್ ಕೈ ಮುಗಿದಿದ್ದಾನೆ ಹೇಳಿ.

ರಘು ತೋರಿಸಿದ್ದು ಕರ್ನಾಟಕದ ಸ್ಮಾರ್ಟ್ ಕಾರ್ಡ್. ಅದು ಇಲ್ಲಿ ನಡೆಯುವುದಿಲ್ಲ. ಇಲ್ಲಿನ ಲೈಸೆನ್ಸ್ ಬೇಕು, ಇಲ್ಲವೇ ನಮ್ಮ ಆರ್‌ಟಿಓದಲ್ಲಿ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ಅದರಲ್ಲೂ ಟೂ ವೀಲರ್ ಅಂತ ಪ್ರತ್ಯೇಕವಾಗಿ ನಮೂದಾಗಿರಬೇಕು. ಬರೀ ಕಾರಿನದ್ದು ಇಟ್ಟುಕೊಂಡು ಸ್ಕೂಟರ್ ಓಡಿಸಿದರೆ ಲೈಸೆನ್ಸ್ ಇಲ್ಲದ ಲೆಕ್ಕವೇ. ಊರಲ್ಲೇ ಸಾವಿರ ರೂಪಾಯಿ ಕಟ್ಟಿದ್ದರೆ ಒಂದು ವರ್ಷದ ಪರ್ಮಿಟ್ ಸಿಗುತ್ತಿತ್ತು. ನಾನು ಮೇ ತಿಂಗಳಲ್ಲೇ ಮೆಸೇಜ್ ಹಾಕಿದ್ದೆ. ಥಂಬ್ಸ್ ಅಪ್ ಒತ್ತಿ ಸುಮ್ಮನಾಗಿದ್ದ.

ಆಮೇಲೆ ಅವನು ಮಾಡಿದ್ದು ಕೇಳಿ. ಮೊದಲು ವಾದ ಮಾಡಿದ. ಕಾರ್ಡ್ ಇಂಗ್ಲಿಷಿನಲ್ಲಿದೆ, ಓದಿಕೊಳ್ಳಿ ಅಂದ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ಓಡಿಸುತ್ತೇನೆ ಅಂದ. ಸಿಲ್ಕ್ ಬೋರ್ಡ್ ಅಂದರೆ ಚಿಯಾಂಗ್ ಮಾಯ್ ಪೊಲೀಸಿಗೆ ಏನು ಗೊತ್ತು? ದನಿ ಏರಿಸಬೇಡ ಕಣೋ ಅಂತ ನಾನು ಕನ್ನಡದಲ್ಲಿ ಬೈದೆ. ಇಲ್ಲಿ ಕೂಗಾಡಿದವನೇ ಸೋತ ಹಾಗೆ. ಯುರೋಪಿನವರೂ ಅಮೆರಿಕದವರೂ ಇದೇ ತಪ್ಪು ಮಾಡುತ್ತಾರೆ. ರಸ್ತೆ ಬದಿ ನಿಂತು ಹಕ್ಕು, ಕಾನೂನು ಅಂತ ಕೂಗುತ್ತಾರೆ. ಪೊಲೀಸರು ನಗುತ್ತಾ ಚೀಟಿ ಬರೆಯುತ್ತಿರುತ್ತಾರೆ. ರಘು ಆಮೇಲೆ ಮೆಲ್ಲಗೆ ಇನ್ನೂರು ಬಾತ್ ನೋಟು ಮಡಚಿ ಕಾರ್ಡಿನ ಕೆಳಗೆ ಇಡಲು ಹೋದ. ನಾನು ಅವನ ತೋಳು ಜಿಗುಟಿದೆ. ಆ ಗುರುತು ಇನ್ನೂ ಇರಬಹುದು, ಗಿರಿಜತ್ತೆಗೆ ಹೇಳಬೇಡ.

ದಂಡ 500 ಬಾತ್. ಒಂದು ಬಾತಿಗೆ ಎರಡೂವರೆ ರೂಪಾಯಿ ಮೇಲೆ, ನಮ್ಮ ದುಡ್ಡಲ್ಲಿ ಸಾವಿರದ ಮುನ್ನೂರರ ಹತ್ತಿರ. ಚೀಟಿ ತಗೊಂಡು ಸ್ಟೇಷನ್ನಿಗೆ ಹೋಗಿ ಕಟ್ಟಿ ರಸೀದಿ ತಗೋಬೇಕು. ಹೋದೆವು. ಸ್ಟೇಷನ್ ಅಂದರೆ ನೀವು ಅಂದುಕೊಂಡ ಹಾಗಲ್ಲ. ಒಂದು ಕೌಂಟರ್, ಕ್ಯೂ. ನಮ್ಮ ಮುಂದೆ ಒಬ್ಬ ಫ್ರೆಂಚ್ ತಾತ, ಚೀನಾದ ಗಂಡ ಹೆಂಡತಿ, ಚಡ್ಡಿ ಹಾಕಿಕೊಂಡ ಮೂರು ಹುಡುಗರು. ತಪ್ಪು ಮಾಡಿದವರು ಅನ್ನುವ ಕಳೆ ಯಾರ ಮುಖದಲ್ಲೂ ಇರಲಿಲ್ಲ. ತರೀಕೆರೆ ಪೋಸ್ಟಾಫೀಸಿನಲ್ಲಿ ಮನಿ ಆರ್ಡರಿಗೆ ನಿಂತ ಹಾಗಿತ್ತು. ದುಡ್ಡು ಕಟ್ಟಿದ್ದಾಯಿತು, ರಸೀದಿ ಬಂತು. ಅಷ್ಟೇ ಕಣಮ್ಮ.

ಹೊರಗೆ ಬಂದ ಮೇಲೆ ರಘು ಸೆಲ್ಫಿ ತೆಗೆದ. ಹಿಂದೆ ಪೊಲೀಸ್ ಸ್ಟೇಷನ್ ಬೋರ್ಡು. ಮುಂದೆ ಬಿಸಿಲಿಗೆ ಮುಖ ಕಿವುಚಿಕೊಂಡ ನಾನು. ಚೀಟಿಯನ್ನು ಕ್ಯಾಮೆರಾಗೆ ಹಿಡಿದ ಅವನ ಕೈ ಮಾತ್ರ ಮೂಲೆಯಲ್ಲಿ. "ಫಸ್ಟ್ ಟೈಮ್ ಪೊಲೀಸ್ ಸ್ಟೇಷನ್" ಅಂತ ಬರೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ. ಆ ಫೋಟೋ ನೋಡಿದವರು ಏನಂದುಕೊಳ್ಳಬೇಕು? ಚೀಟಿ ಮೇಲೆ 2568 ಅಂತಿತ್ತು. ಅದು ಇಸವಿ. ಇಲ್ಲಿ ಬುದ್ಧನ ಲೆಕ್ಕ, ನಮಗಿಂತ 543 ವರ್ಷ ಮುಂದೆ. ಗಿರಿಜತ್ತೆ ಅದನ್ನು ದಂಡದ ಮೊತ್ತ ಅಂದುಕೊಂಡರು. ಅಜ್ಜಿಗೆ ಹೇಳುವ ಹೊತ್ತಿಗೆ ಇಪ್ಪತ್ತೈದು ಸಾವಿರ ಆಯಿತು. ಶಿವಮೊಗ್ಗ ಮುಟ್ಟುವಾಗ ಜಾಮೀನು ಆಗಿದೆ. ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿದೆ. ಫೋಟೋ ತೆಗೆದು ವಿನಯ್‌ಗೆ ಕಳಿಸಿದ್ದೇನೆ, ನೋಡು.

ಕೇಸ್ ಅಂದರೆ ಬೇರೆ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಕೋರ್ಟಿಗೆ ಹೋಗಬೇಕು. 5000ದಿಂದ 20000 ಬಾತ್ ದಂಡ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಇದು ಹಾಗಲ್ಲ. ಟ್ರಾಫಿಕ್ ಚೀಟಿ, ಅದೂ ರಘುವಿನದು. 2023ರಲ್ಲಿ ಬೆಂಗಳೂರಿನಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಅಂದಾಗ ಇಡೀ ಊರೇ ಕ್ಯೂ ನಿಂತಿತ್ತಲ್ಲ, ಅವರೆಲ್ಲರ ಮೇಲೂ ಕೇಸಿತ್ತಾ? ಶಿವಮೊಗ್ಗದವರ ದೊಡ್ಡ ಮಗನೂ ಬೆಂಗಳೂರಿನಲ್ಲೇ ಇರುವುದು. ಅವನ ಬೈಕ್ ನಂಬರ್ ಹಾಕಿ ಒಮ್ಮೆ ನೋಡಲಿ. ಸುಮ್ನೆ ಹೇಳಿದೆ.

ಅಪ್ಪ ಕೇಳಿದ್ದರು, ಅಲ್ಲಿ ಪೊಲೀಸರು ಲಂಚ ಕೇಳಲ್ವಾ ಅಂತ. ಇಲ್ಲ ಅಂದರೆ ಸುಳ್ಳಾಗುತ್ತದೆ. ಕೇಳುವವರೂ ಇದ್ದಾರೆ. 2023ರ ಜನವರಿಯಲ್ಲಿ ಬ್ಯಾಂಕಾಕಿನ ಹುವಾಯ್ ಖ್ವಾಂಗ್‌ನಲ್ಲಿ ತೈವಾನಿನ ಒಬ್ಬ ನಟಿ ಇದ್ದ ಕಾರನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದ್ದರು. 27000 ಬಾತ್ ಕಿತ್ತುಕೊಂಡರು ಅಂತ ಅವಳು ಹೇಳಿದ ಮೇಲೆ ದೊಡ್ಡ ಗಲಾಟೆಯಾಯಿತು. ವೇಪ್ ವಿಷಯಕ್ಕೆ ಶುರುವಾಗಿದ್ದು ಅದು. ಸಿಗರೇಟಿನ ಬದಲು ಸೇದುತ್ತಾರಲ್ಲ, ಅದು ಈ ದೇಶದಲ್ಲಿ ನಿಷೇಧ. ಮೊದಲು ಪೊಲೀಸರು ಒಪ್ಪಲಿಲ್ಲ, ಕೊನೆಗೆ ಅವರ ಮೇಲೇ ಕ್ರಮವಾಯಿತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ನಗುತ್ತಾ ಚೀಟಿ ಕೇಳಿ, ಸ್ಟೇಷನ್ನಿನಲ್ಲೇ ಕಟ್ಟುತ್ತೇನೆ ಅನ್ನಿ. ತೀರಾ ತೊಂದರೆ ಅನಿಸಿದರೆ ಟೂರಿಸ್ಟ್ ಪೊಲೀಸ್ ನಂಬರ್ 1155 ಇದೆ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಆ ನಂಬರನ್ನು ರಘುವಿನ ಫೋನಿನಲ್ಲಿ ನಾನೇ ಹಾಕಿಕೊಟ್ಟಿದ್ದೇನೆ.

ಆದರೆ ಇಲ್ಲಿನ ಪೊಲೀಸರು ಬರೀ ಕೆಟ್ಟವರು ಅಂದುಕೊಳ್ಳಬೇಡಿ. ಬ್ಯಾಂಕಾಕಿನ ಟ್ರಾಫಿಕ್ ಪೊಲೀಸರಲ್ಲಿ ಕೆಲವರಿಗೆ ಹೆರಿಗೆ ಮಾಡಿಸುವ ತರಬೇತಿ ಇದೆ. ನಿಜ ಅಜ್ಜಿ! ದೊರೆ ಭೂಮಿಬೋಲ್ ಇದ್ದಾಗ 1993ರಲ್ಲಿ ಶುರುವಾದ ಯೋಜನೆ ಅದು. ಆ ಊರಿನ ಟ್ರಾಫಿಕ್‌ನಲ್ಲಿ ಬಸುರಿಯರು ಆಸ್ಪತ್ರೆ ಮುಟ್ಟುವುದೇ ಕಷ್ಟ. ಪೊಲೀಸರು ಬೈಕಿನಲ್ಲಿ ಬಂದು ದಾರಿ ಬಿಡಿಸುತ್ತಾರೆ. ಆಗಲಿಲ್ಲ ಅಂದರೆ ಟ್ಯಾಕ್ಸಿಯಲ್ಲೇ ಹೆರಿಗೆ ಮಾಡಿಸುತ್ತಾರೆ. ನಮ್ಮ ಸೂಲಗಿತ್ತಿ ಕೆಲಸ ಖಾಕಿ ತೊಟ್ಟವರು ಮಾಡುತ್ತಾರೆ ಅಂದರೆ ನೀವು ನಂಬಲ್ಲ. ಇನ್ನೊಂದು, ಇಲ್ಲಿ ಸಿಗ್ನಲ್ ಹತ್ತಿರ ಪೊಲೀಸ್ ಬೊಂಬೆಗಳನ್ನೂ ನಿಲ್ಲಿಸುತ್ತಿದ್ದರು. ಅದನ್ನು ಕೇಳಿ ನಾನು ನಗಲು ಹೋದೆ. ರಘು ನೆನಪಿಸಿದ, 2019ರಲ್ಲಿ ಬೆಂಗಳೂರಿನಲ್ಲೂ ನಿಲ್ಲಿಸಿದ್ದರಂತೆ.

ನನ್ನ ವಿಷಯಕ್ಕೆ ಬಂದರೆ, ಅಪ್ಪ, ನೀವು ಕೆಎಸ್‌ಆರ್‌ಟಿಸಿಯಲ್ಲಿ ಅಪಘಾತ ಮಾಡದೆ ಬೆಳ್ಳಿ ಪದಕ ತಗೊಂಡವರು. ನಿಮ್ಮ ಮಗಳು ಲೈಸೆನ್ಸ್ ಇಲ್ಲದೆ ಗಾಡಿ ಮುಟ್ಟುತ್ತಾಳಾ? ಇಲ್ಲಿನ ಸಾರಿಗೆ ಆಫೀಸಿನಲ್ಲಿ ಎಲ್ಲ ಪರೀಕ್ಷೆ ಮುಗಿಸಿಯೇ ತಗೊಂಡಿದ್ದು. ಬಣ್ಣ ಗುರುತಿಸಬೇಕು. ಕೆಂಪು ದೀಪ ಬಂದ ತಕ್ಷಣ ಬ್ರೇಕ್ ಒತ್ತಬೇಕು. ದೂರದ ಪೆಟ್ಟಿಗೆಯೊಳಗೆ ಎರಡು ಕಡ್ಡಿಗಳಿರುತ್ತವೆ, ಬಟನ್ ಒತ್ತಿ ಎರಡನ್ನೂ ಒಂದೇ ಸಾಲಿಗೆ ತರಬೇಕು. ನಿಮ್ಮ ಡಿಪೋದಲ್ಲಿ ಇಂಥದ್ದಿತ್ತಾ? ಆಮೇಲೆ ವಿಡಿಯೋ ಪಾಠ, ಕಂಪ್ಯೂಟರ್ ಪರೀಕ್ಷೆ, ಓಡಿಸಿ ತೋರಿಸುವುದು. ಡಾಕ್ಟರ್ ಸರ್ಟಿಫಿಕೇಟೂ ಕೊಡಬೇಕು. ಶುಲ್ಕ ಸ್ಕೂಟರಿಗೆ 105 ಬಾತ್. ಮೊದಲ ಸಲ ಎರಡು ವರ್ಷಕ್ಕೆ ಕೊಡುತ್ತಾರೆ, ಆಮೇಲೆ ಐದು ವರ್ಷಕ್ಕೆ. ಒಂದು ಪೈಸೆ ಮೇಲೆ ಕೊಡಲಿಲ್ಲ. ಬ್ರೋಕರ್ ಇಲ್ಲ. ಇದನ್ನು ಅಪ್ಪ ಎರಡು ಸಲ ಓದಿಕೊಳ್ಳಲಿ.

ಅಮ್ಮ, ನೀನು ಹೆಲ್ಮೆಟ್ ಬಗ್ಗೆಯೂ ಕೇಳಿದ್ದೆ ಅಲ್ವಾ. ಹಾಕುತ್ತೇನೆ, ಮೂಲೆ ಅಂಗಡಿಗೆ ಹೋದರೂ ಹಾಕುತ್ತೇನೆ. ಹೆಲ್ಮೆಟ್ ಇಲ್ಲದಿದ್ದರೆ 2000 ಬಾತ್‌ವರೆಗೆ ದಂಡ ಅಂತ 2022ರಲ್ಲೇ ಕಾನೂನು ಬಿಗಿ ಮಾಡಿದ್ದಾರೆ. ಈ ಜೂನ್‌ನಿಂದ ತಪಾಸಣೆಯೂ ಜಾಸ್ತಿಯಾಗಿದೆ. ಸಿಗ್ನಲ್ ಹಾರಿದರೆ 4000ದವರೆಗೆ. ದಂಡಕ್ಕಿಂತ ನನಗೆ ಭಯ ರಸ್ತೆಯದೇ. ಇಲ್ಲಿಂದ ಪಾಯ್ ಅಂತ ಒಂದು ಊರಿಗೆ ಬೆಟ್ಟದ ರಸ್ತೆ ಇದೆ, 762 ತಿರುವು. ನಮ್ಮ ಆಗುಂಬೆ ಹದಿನಾಲ್ಕು ತಿರುವು ಅದರ ಮುಂದೆ ಏನೂ ಅಲ್ಲ. ಕಾಲಿಗೆ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡ ಬಿಳಿಯರನ್ನು ನೋಡಬೇಕಾದರೆ ಆ ಊರಿಗೆ ಹೋಗಬೇಕು. ಲೈಸೆನ್ಸ್ ಇಲ್ಲದೆ ಬಿದ್ದರೆ ಟ್ರಾವೆಲ್ ಇನ್ಶೂರೆನ್ಸಿನವರು ಸಾಮಾನ್ಯವಾಗಿ ಕೈ ಎತ್ತಿಬಿಡುತ್ತಾರೆ. ರಘು ಅಲ್ಲಿಗೆ ಸ್ಕೂಟರಿನಲ್ಲೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದ. ನಾನು ಕೀ ಕಿತ್ತುಕೊಂಡು ಅಂಗಡಿಗೆ ವಾಪಸ್ ಕೊಟ್ಟೆ. ಈಗ ಇಬ್ಬರೂ ವ್ಯಾನಿನಲ್ಲಿ ಹೋಗಿದ್ದಾರೆ. ವಾಂತಿ ಮಾಡಿಕೊಂಡ ಅಂತ ಅವನ ಫ್ರೆಂಡ್ ಫೋಟೋ ಕಳಿಸಿದ. ಅದನ್ನು ಗ್ರೂಪಿಗೆ ಹಾಕಲಾ?

ಶಿವಮೊಗ್ಗದವರಿಗೆ ಇಷ್ಟು ಸಾಕು. ಆಷಾಢ ಕಳೆದ ಮೇಲೆ ಬರುತ್ತೇವೆ ಅಂದಿದ್ದಾರಲ್ಲ, ಬರಲಿ. ಇಲ್ಲೂ ಮೊನ್ನೆ ಆಷಾಢ ಹುಣ್ಣಿಮೆಗೆ ರಜೆ ಇತ್ತು. ಭಿಕ್ಷುಗಳು ಇನ್ನು ಮೂರು ತಿಂಗಳು ಮಠ ಬಿಟ್ಟು ಹೋಗಲ್ಲ. ಈ ದಿನಗಳಲ್ಲಿ ಮದುವೆ ಮಾಡುವವರೂ ಕಮ್ಮಿ. ಅಜ್ಜಿಗೆ ಇದು ಖುಷಿಯಾಗುತ್ತದೆ.

(ಇಲ್ಲಿಂದ ಮುಂದಿನದು ಮನೆಯವರಿಗೆ ಮಾತ್ರ.)

ಅಮ್ಮ, ನನಗೆ ಬೇಜಾರಾಗಿದ್ದು ಪೊಲೀಸ್ ಕಥೆಗಲ್ಲ. ಆ ಹುಡುಗನ ಹತ್ತಿರ ನನ್ನ ನಂಬರ್ ಇದೆ. ವಾರಕ್ಕೊಮ್ಮೆ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸುತ್ತಾನೆ. ಇಂಥ ಸುದ್ದಿ ಕೇಳಿದವನು ನನಗೇ ಒಂದು ಫೋನ್ ಮಾಡಬಹುದಿತ್ತು. ಏನಾಯಿತು, ಹುಷಾರಾಗಿದ್ದೀಯಾ ಅಂತ ಕೇಳಬಹುದಿತ್ತು. ಅದು ಬಿಟ್ಟು ಅವರಪ್ಪನಿಂದ ಸುಬ್ಬಣ್ಣ ಮಾವನಿಗೆ ಫೋನ್ ಮಾಡಿಸಿದ್ದಾನೆ. ಬೇಡ ಅಂತ ನಾನು ಹೇಳುತ್ತಿಲ್ಲ. ಮನುಷ್ಯ ಒಳ್ಳೆಯವನೇ, ಕೆಲಸವೂ ಒಳ್ಳೆಯದು. ಆದರೆ ನೀನು ಹೋಗಿ ಅವರ ಹತ್ತಿರ ಕೈ ಮುಗಿದು ನಮ್ಮ ಹುಡುಗಿ ಅಂಥವಳಲ್ಲ ಅಂತೆಲ್ಲ ಹೇಳಬೇಡ. ದಯವಿಟ್ಟು. ಈ ವಾರ ಅವನೇ ನನಗೆ ಫೋನ್ ಮಾಡಲಿ, ಮಾತಾಡುತ್ತೇನೆ. ಮಾಡದಿದ್ದರೆ ಅದೂ ಒಂದು ಉತ್ತರ.

ನೀನು ಮಾತ್ರ ಬಿಪಿ ಮಾತ್ರೆ ತಪ್ಪಿಸಬೇಡ. ನಾನು ನಿಜವಾಗಿಯೂ ಆರಾಮಾಗಿದ್ದೇನೆ. ಊಟ ಸರಿಯಾಗಿ ಆಗುತ್ತಿದೆ, ನಿದ್ದೆ ಸರಿಯಾಗಿದೆ, ಸ್ಕೂಲಿನಲ್ಲಿ ಎಲ್ಲರೂ ಒಳ್ಳೆಯವರು, ಮನೆ ಓನರ್ ಆಂಟಿ ಹಣ್ಣು ತಂದು ಕೊಡುತ್ತಾರೆ, ಜ್ವರವಿಲ್ಲ, ಸಾಲವಿಲ್ಲ, ಕೇಸಿಲ್ಲ. ಸಾರಿನ ಪುಡಿ ಮುಗಿಯುತ್ತಾ ಬಂದಿದೆ, ಅದೊಂದೇ ಚಿಂತೆ. ರಘು ವಾಪಸ್ ಬಂದ ಮೇಲೆ ಅವನ ಕೈಲಿ ಅಪ್ಪನಿಗೆ ಮಂಡಿಗೆ ಹಚ್ಚುವ ಮುಲಾಮು ಕಳಿಸುತ್ತೇನೆ, ಹಸಿರು ಬಾಟಲಿಯದ್ದು, ಕಣ್ಣಿಗೆ ತಾಗಿಸಬೇಡಿ.

ನಾಳೆ ಏಳನೇ ಕ್ಲಾಸಿಗೆ ಟೆಸ್ಟ್ ಇದೆ, ಪ್ರಶ್ನೆ ಪತ್ರಿಕೆ ಇನ್ನೂ ಅರ್ಧ ಆಗಿಲ್ಲ. ವಿನಯ್‌ಗೆ ಹೇಳು, ಓದುವಾಗ ನಗಬೇಡ ಅಂತ. ಫೋನ್ ಮಾಡುತ್ತೇನೆ.

ನಿಮ್ಮ
ಸುಮಾ