ಆನ್‌ಲೈನ್ ಪದವಿಗೆ ದುಡ್ಡು ಕಟ್ಟುವ ಮುನ್ನ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ದ್ವಿತೀಯ ಪಿಯು ಫಲಿತಾಂಶ ಬಂದಾಗಿನಿಂದ ನಿಮ್ಮಲ್ಲಿ ಹಲವರಿಗೆ ಫೋನ್ ಮೇಲೆ ಫೋನ್ ಬರುತ್ತಿದೆಯೆಂದು ಮಕ್ಕಳು ಹೇಳಿದರು. “ಮನೆಯಲ್ಲೇ ಕೂತು ಬಿಕಾಂ ಮಾಡಿ, ಇವತ್ತೇ ಸೀಟು ಬುಕ್ ಮಾಡಿದರೆ ಫೀಸಿನಲ್ಲಿ ರಿಯಾಯಿತಿ” ಎನ್ನುವ ಕರೆಗಳು. ಕೆಲವರು ಆಫೀಸಿಗೇ ಬಂದು “ಸರ್, ಇದು ಅಸಲಿಯೋ ನಕಲಿಯೋ?” ಎಂದು ಕೇಳಿದ್ದೀರಿ. ಎಲ್ಲರಿಗೂ ತಿಳಿಯಲೆಂದು ಬರೆಯುತ್ತಿದ್ದೇನೆ.

ಆನ್‌ಲೈನ್ ಪದವಿ ಎಂದ ಕೂಡಲೇ ಮೂಗು ಮುರಿಯಬೇಕಿಲ್ಲ. ಮಾನ್ಯತೆ ಪಡೆದ ವಿಶ್ವವಿದ್ಯಾಲಯ ಕೊಡುವ ದೂರಶಿಕ್ಷಣದ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ನಿಯಮಾವಳಿಯೇ ಹೇಳುತ್ತದೆ. ಅಪ್ಪನ ಅಂಗಡಿ ನೋಡಿಕೊಳ್ಳಬೇಕಾದ ಹುಡುಗನಿಗೆ, ಮದುವೆಯಾಗಿ ಓದು ನಿಂತ ಹೆಣ್ಣುಮಗಳಿಗೆ ಇದೊಂದು ಒಳ್ಳೆಯ ದಾರಿ. ಆದರೆ ಆ ಮಾನ್ಯತೆ ಇದೆಯೇ ಎಂದು ನೋಡುವ ಕೆಲಸ ನಮ್ಮದು. ಫೋನ್ ಮಾಡಿದವರು ನೋಡಿಕೊಡುವುದಿಲ್ಲ.

ಪೂರ್ತಿ ನಕಲಿಗಳನ್ನು ಹಿಡಿಯುವುದು ಸುಲಭ. 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಸಂಸತ್ತಿನ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯಕ್ಕೆ ಸಮವೆಂದು ಕೇಂದ್ರ ಸರ್ಕಾರ ಘೋಷಿಸಿದ ‘ಡೀಮ್ಡ್’ ವಿಶ್ವವಿದ್ಯಾಲಯ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇವುಗಳನ್ನು ಬಿಟ್ಟು ಬೇರೆ ಯಾರೂ ಪದವಿ ಕೊಡುವಂತಿಲ್ಲ. ನಕಲಿಗಳ ಪಟ್ಟಿಯನ್ನು ಯುಜಿಸಿ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸವಿದ್ದ ಒಂದು ‘ವರ್ಲ್ಡ್ ಓಪನ್ ಯೂನಿವರ್ಸಿಟಿ’ಯೂ ವರ್ಷಗಟ್ಟಲೆ ಅದರಲ್ಲಿತ್ತು. ಹೆಸರಿನಲ್ಲಿ ‘ವರ್ಲ್ಡ್’, ‘ಇಂಟರ್‌ನ್ಯಾಷನಲ್’ ಇದ್ದರೆ ನಾವು ಬೇಗ ಮರುಳಾಗುತ್ತೇವೆ!

ವಿದೇಶಿ ಹೆಸರುಗಳ ಕಥೆ ಇನ್ನೂ ಸ್ವಾರಸ್ಯ. 2015ರಲ್ಲಿ ಕರಾಚಿಯ ಆಕ್ಸಾಕ್ಟ್ ಎಂಬ ಕಂಪನಿ ನೂರಾರು ಜಾಲತಾಣಗಳನ್ನಿಟ್ಟುಕೊಂಡು ಡಿಗ್ರಿ ಮಾರುತ್ತಿದ್ದುದು ಬಯಲಾಯಿತು. ವಿಶ್ವವಿದ್ಯಾಲಯಗಳ ಹೆಸರು ‘ಕೊಲಂಬಿಯಾನಾ’, ‘ಬಾರ್ಕ್‌ಲಿ’. ಅಸಲಿ ಕೊಲಂಬಿಯಾ, ಬರ್ಕ್‌ಲಿ ನೆನಪಾಗಲಿ ಎಂದೇ ಇಟ್ಟ ಹೆಸರುಗಳು. ಇವಕ್ಕೆ ‘ಮಾನ್ಯತೆ’ ಕೊಡುವ ಮಂಡಳಿಗಳನ್ನೂ ಆ ಕಂಪನಿಯೇ ಹುಟ್ಟುಹಾಕಿತ್ತು. ಆದ್ದರಿಂದ ಬ್ರೋಷರಿನಲ್ಲಿ ‘ಅಕ್ರೆಡಿಟೆಡ್’ ಎಂದು ಕಂಡರೆ ಸಾಲದು. ಯಾರು ಕೊಟ್ಟ ಮಾನ್ಯತೆ ಎಂದು ಕೇಳಿ. ಐಎಸ್‌ಒ ಸರ್ಟಿಫಿಕೇಟಿಗೂ ಪದವಿಯ ಮಾನ್ಯತೆಗೂ ಸಂಬಂಧವಿಲ್ಲ. ನಮ್ಮ ಬೆಂಗಳೂರಿನ ನಾಗರಬಾವಿಯಲ್ಲಿರುವ, ಕಾಲೇಜು-ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಗ್ರೇಡು ಅಸಲಿಯೇ, ಆದರೆ ಅದು ಇಡೀ ಸಂಸ್ಥೆಗೆ ಸಿಗುವ ಗ್ರೇಡು. ‘ಎ ಪ್ಲಸ್’ ಇದ್ದಮಾತ್ರಕ್ಕೆ ಅವರ ಆನ್‌ಲೈನ್ ಬಿಬಿಎಗೆ ಅನುಮತಿ ಇದೆ ಎಂದಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ವಿಶ್ವವಿದ್ಯಾಲಯ ಅಸಲಿ, ಆದರೆ ನೀವು ಸೇರುವ ಕೋರ್ಸಿಗೆ ಆ ವರ್ಷ ಅನುಮತಿ ಇಲ್ಲ ಎನ್ನುವಂಥ ಪರಿಸ್ಥಿತಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದ ನಮ್ಮ ಸರ್ಕಾರದ್ದೇ ಸಂಸ್ಥೆ. ರಾಜ್ಯದ ಹೊರಗಿನ ಸಹಯೋಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಕೋರ್ಸುಗಳನ್ನೂ ನಡೆಸಿದ್ದಕ್ಕೆ ಯುಜಿಸಿ ಆಕ್ಷೇಪಿಸಿ, 2012-13ರ ನಂತರ ಅದಕ್ಕೆ ಮಾನ್ಯತೆ ಮುಂದುವರಿಸಲಿಲ್ಲ. ಮತ್ತೆ ಸಿಕ್ಕಿದ್ದು 2018-19ಕ್ಕೆ. ನಡುವಿನ ವರ್ಷಗಳಲ್ಲಿ ಸೇರಿದ್ದ ಮಕ್ಕಳು ಯಾವ ತಪ್ಪೂ ಮಾಡದೆ ಒದ್ದಾಡಿದರು. ಇವತ್ತು ನಾನೇ ಮಕ್ಕಳಿಗೆ ಮುಕ್ತ ವಿವಿಯನ್ನು ಸೂಚಿಸುತ್ತೇನೆ, ಆದರೆ ಆ ಸಾಲಿಗೆ ಅನುಮತಿ ಪಡೆದ ಕೋರ್ಸುಗಳ ಪಟ್ಟಿ ನೋಡಿಯೇ.

ಆ ಪಟ್ಟಿ ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ಜಾಲತಾಣದಲ್ಲಿದೆ. ವಿಳಾಸ: ಡಿಇಬಿ ಡಾಟ್ ಯುಜಿಸಿ ಡಾಟ್ ಎಸಿ ಡಾಟ್ ಇನ್. ವಿಶ್ವವಿದ್ಯಾಲಯದ ಹೆಸರು ಕಂಡ ಕೂಡಲೇ ಮುಚ್ಚಿಬಿಡಬೇಡಿ. ಕೋರ್ಸಿನ ಹೆಸರು, ಅದು ದೂರಶಿಕ್ಷಣವೋ ಆನ್‌ಲೈನೋ, ಯಾವ ಸಾಲಿಗೆ ಅನುಮತಿ, ಮೂರೂ ನೀವು ಸೇರುತ್ತಿರುವುದಕ್ಕೆ ಹೊಂದಬೇಕು. ಕರೆ ಮಾಡಿದವರು ವಾಟ್ಸಾಪಿನಲ್ಲಿ ಕಳಿಸುವ ಲಿಂಕಿನಿಂದ ಹೋಗದೆ ವಿಳಾಸವನ್ನು ನೀವೇ ಟೈಪ್ ಮಾಡಿ. ‘ಡಾಟ್ ಆರ್ಗ್’ ಎಂದು ಮುಗಿಯುವ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು.

2024ರಿಂದ ಈ ಕೋರ್ಸುಗಳಿಗೆ ಸೇರುವ ಪ್ರತಿ ವಿದ್ಯಾರ್ಥಿಯೂ ಅದೇ ವಿಭಾಗದ ಪೋರ್ಟಲಿನಲ್ಲಿ ಡಿಇಬಿ ಐಡಿ ಎಂಬ ಗುರುತಿನ ಸಂಖ್ಯೆ ಮಾಡಿಕೊಳ್ಳಬೇಕು. ಆ ಸುದ್ದಿಯನ್ನೇ ಎತ್ತದೆ ಫೀಸು ಕೇಳುವವರನ್ನು ನಂಬಬೇಡಿ. ಐಡಿಯನ್ನು ಮಗ, ಮಗಳೇ ಮಾಡಿಕೊಳ್ಳಲಿ, ಏಜೆಂಟರಿಗೆ ಓಟಿಪಿ ಹೇಳುವುದು ಬೇಡ.

ನರ್ಸಿಂಗ್, ಫಾರ್ಮಸಿ, ಇಂಜಿನಿಯರಿಂಗ್, ಕಾನೂನು ಪದವಿಗಳನ್ನು ಆನ್‌ಲೈನಿನಲ್ಲಿ ಕೊಡಲು ಯುಜಿಸಿ ಬಿಡುವುದಿಲ್ಲ. ಪಿಎಚ್‌ಡಿಗೂ ಇಲ್ಲ. ದೂರಶಿಕ್ಷಣದಲ್ಲಿ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಕೊಟ್ಟಿದ್ದ ಇಂಜಿನಿಯರಿಂಗ್ ಪದವಿಗಳ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟೇ ಕತ್ತರಿ ಆಡಿಸಿತು, ಅಷ್ಟರಲ್ಲಿ ಎಷ್ಟೋ ಜನ ಆ ಪದವಿಯ ಮೇಲೆ ಕೆಲಸಕ್ಕೂ ಸೇರಿದ್ದರು. ಇನ್ನು ಒಂದೇ ವರ್ಷದಲ್ಲಿ ಡಿಗ್ರಿ, ಹಿಂದಿನ ವರ್ಷದ ದಿನಾಂಕ ಹಾಕಿದ ಅಂಕಪಟ್ಟಿ, ಪರೀಕ್ಷೆಯೇ ಇಲ್ಲದ ಪದವಿ ಎಂದರೆ ವಿಚಾರಿಸುವ ಅಗತ್ಯವೇ ಇಲ್ಲ, ಫೋನ್ ಇಡಿ. ಅಂಥ ಅಂಕಪಟ್ಟಿ ಹಿಡಿದು ನೇಮಕಾತಿಯ ದಾಖಲೆ ಪರಿಶೀಲನೆಗೆ ಹೋದ ಮಗುವಿನ ಮೇಲೆಯೇ ಕೇಸು ಬೀಳಬಹುದು.

“ಈ ರಾತ್ರಿ ಹನ್ನೆರಡಕ್ಕೆ ಆಫರ್ ಮುಗಿಯುತ್ತದೆ” ಎಂದು ಅವಸರ ಮಾಡುವವರಿಗೆ, “ಸ್ವಾಮಿ, ಶನಿವಾರ ಕಾಲೇಜಿನಲ್ಲಿ ವಿಚಾರಿಸಿ ಹೇಳುತ್ತೇವೆ” ಎನ್ನಿ. ಈ ತಿಂಗಳ ಶನಿವಾರಗಳಲ್ಲಿ ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್ ತೆರೆದಿರುತ್ತದೆ. ಬ್ರೋಷರ್ ತನ್ನಿ, ಇಲ್ಲವೇ ಕೋರ್ಸಿನ ಪೂರ್ತಿ ಹೆಸರು ಬರೆದುಕೊಂಡು ಬನ್ನಿ. ಪಟ್ಟಿಯನ್ನು ಒಟ್ಟಿಗೆ ನೋಡೋಣ. ಈಗಾಗಲೇ ದುಡ್ಡು ಕಟ್ಟಿರುವವರು ರಸೀದಿ, ಮೆಸೇಜುಗಳನ್ನು ಅಳಿಸದೆ ತನ್ನಿ, ಸಂಕೋಚ ಬೇಡ. ಮೋಸವೆಂದು ಖಚಿತವಾದರೆ ಶನಿವಾರದವರೆಗೆ ಕಾಯದೆ ಅಂದೇ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇತಿ ನಿಮ್ಮ ವಿಶ್ವಾಸಿ,
ಪ್ರಾಂಶುಪಾಲರು